ಬಾಗಿಲಾಚೆ ಸಿಲಿಂಡರ್, ಬಾಗಿಲೀಚೆ ಫ್ರೆಂಚ್

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವುದು ಬೆಂಗಳೂರಿನಲ್ಲಿ ಈಗ ಅಂಥ ದೊಡ್ಡ ತೀರ್ಮಾನವೇನಲ್ಲ. ಶಾಲೆಯ ಫೀಸ್ ಪಟ್ಟಿ ನೋಡಿದರೆ ಅರ್ಧ ತೀರ್ಮಾನ ತಾನಾಗೇ ಆಗುತ್ತದೆ. ಹತ್ತನೇ ಕ್ಲಾಸಿಗೆ ಹೇಗೂ, ಮನೆಯಲ್ಲೇ ಓದಿ ಪರೀಕ್ಷೆ ಬರೆಯಬಹುದಾದ ಕೇಂದ್ರ ಸರ್ಕಾರದ ಮುಕ್ತ ಶಾಲೆ, ಎನ್‌ಐಓಎಸ್ ಇದೆ. ತಲೆನೋವು ಶುರುವಾಗುವುದು ಮಗುವಿಗೆ ಫ್ರೆಂಚ್ ಕಲಿಸಬೇಕು ಅಂದಾಗ. ಯಾಕೆ ಫ್ರೆಂಚ್ ಅಂತ ಯಾರೂ ಕೇಳುವುದಿಲ್ಲ. ಕೇಳುವುದು ಒಂದೇ, ಯಾವ ವಿಧಾನ?

ವಸಂತನಗರದಲ್ಲಿ ಫ್ರೆಂಚ್ ಕಲಿಸುವ ಸಂಸ್ಥೆ ಅಲಿಯಾನ್ಸ್ ಫ್ರಾನ್ಸೇಸ್ ಇದೆಯಲ್ಲ, ಅಲ್ಲಿಗೇ ಕಳಿಸಿ ಅಂದು ನೋಡಿ. ಮುಖ ಸಿಂಡರಿಸುತ್ತಾರೆ. ಅಲ್ಲಿ ಬೆಂಚ್ ಇದೆ, ಬೋರ್ಡ್ ಇದೆ, ಮೇಲಾಗಿ ಫ್ರೆಂಚ್ ಬರುವ ಟೀಚರ್ ಬೇರೆ ಇದ್ದಾರೆ. ಶಾಲೆ ಥರಾನೇ ಆಯ್ತಲ್ಲ!

ಹಾಗಾಗಿ ವಾಟ್ಸಾಪ್ ಗ್ರೂಪಿನಲ್ಲಿ ಚರ್ಚೆ. ದ್ವೈತ ಅದ್ವೈತದವರು ಕೂಡ ಇಷ್ಟು ಕಿತ್ತಾಡಿರಲಿಕ್ಕಿಲ್ಲ.

ಜೋರು ದನಿ ಗುವಾಂ ಪಂಥದವರದು. ಈ ಫ್ರಾನ್ಸ್ವಾ ಗುವಾಂ 19ನೇ ಶತಮಾನದ ಒಬ್ಬ ಫ್ರೆಂಚ್ ಮೇಷ್ಟ್ರು. ಜರ್ಮನ್ ಕಲಿಯಲು ಹ್ಯಾಂಬರ್ಗ್‌ಗೆ ಹೋದರು. ಹತ್ತು ದಿನದಲ್ಲಿ ವ್ಯಾಕರಣ ಪುಸ್ತಕವನ್ನೂ 248 ಅಡ್ಡಾದಿಡ್ಡಿ ಕ್ರಿಯಾಪದಗಳನ್ನೂ ಬಾಯಿಪಾಠ ಮಾಡಿದರು. ಪಾಠ ಕೇಳಲು ಹೋಗಿ ಕೂತರೆ ಒಂದಕ್ಷರ ಅರ್ಥವಾಗಲಿಲ್ಲ. ಆಮೇಲೆ 800 ಮೂಲಧಾತುಗಳು. ಊಹೂಂ. ಕೊನೆಗೆ 30,000 ಪದಗಳ ಇಡೀ ನಿಘಂಟನ್ನೇ ನುಂಗಿದರು. ಆಗಲೂ ಊಹೂಂ. ಸೋತು ಮನೆಗೆ ಬಂದರೆ, ಒಡಹುಟ್ಟಿದವರ ಮೂರು ವರ್ಷದ ಆಸುಪಾಸಿನ ಮಗ ಪಟಪಟ ಫ್ರೆಂಚ್ ಮಾತಾಡುತ್ತಿದ್ದಾನೆ! ಹುಡುಗ ಹಿಟ್ಟಿನ ಗಿರಣಿ ನೋಡಿ ಬಂದು, ಅಲ್ಲಿ ಏನೇನಾಯಿತು ಅಂತ ಒಂದಾದ ಮೇಲೊಂದು ವರದಿ ಒಪ್ಪಿಸುತ್ತಿದ್ದ. ಅದರಿಂದ ಹುಟ್ಟಿದ್ದೇ ಸರಣಿ ವಿಧಾನ: ಒಂದು ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಒಂದೊಂದನ್ನೂ ಹೇಳುತ್ತಾ ಮಾಡುವುದು. ಇಂಗ್ಲೆಂಡಿನ ಶಿಕ್ಷಣ ಚಿಂತಕಿ ಶಾರ್ಲಟ್ ಮೇಸನ್ ಇದನ್ನು ಮೆಚ್ಚಿದರು. ಮೇಸನ್ ಅವರನ್ನು ಗುರು ಅಂತ ನಂಬಿದ ನಮ್ಮ ಅಪಾರ್ಟ್‌ಮೆಂಟಿನವರೂ ಮೆಚ್ಚಿದ್ದಾರೆ.

ವಿಧಾನದ ಹೆಸರುವಾಸಿ ಪಾಠ ಬಾಗಿಲು ತೆಗೆಯುವುದು. ಮೊನ್ನೆ ನಮ್ಮ ಮಹಡಿಯಲ್ಲೇ ಅದರ ಪ್ರಯೋಗ ನಡೆಯಿತು. ಕಾಲಿಂಗ್ ಬೆಲ್ ಆಯಿತು. ಮಗು ಎದ್ದು, ಅಮ್ಮ ಹೇಳಿಕೊಟ್ಟಂತೆ, "ಜ ಮಾರ್ಶ್ ವೆರ್ ಲಾ ಪೋರ್ತ್" ಅಂತು. ಬಾಗಿಲ ಕಡೆ ನಡೆಯುತ್ತೇನೆ. ನಡೆಯಿತು. ಬಾಗಿಲ ಹತ್ತಿರ ಬರುತ್ತೇನೆ. ಬಂತು. ಬಾಗಿಲ ಬಳಿ ನಿಲ್ಲುತ್ತೇನೆ. ನಿಂತಿತು. ಕೈ ಚಾಚುತ್ತೇನೆ. ಇಲ್ಲಿ ಉಚ್ಚಾರಣೆ ತಪ್ಪಿತು, ಮೊದಲಿನಿಂದ ಶುರು. ಆಚೆ ಹೆಗಲ ಮೇಲೆ ಸಿಲಿಂಡರ್ ಹೊತ್ತ ಗ್ಯಾಸಿನವನು, "ಮೇಡಂ, ಇಳಿಸ್ಲಾ, ಇಲ್ಲಾ ವಾಪಸ್ ಹೋಗ್ಲಾ?" ಅಂತ ಕೂಗಿದ. "ಒಂದ್ನಿಮಿಷ ಅಣ್ಣ, ಇನ್ನೂ ಹಿಡಿಕೆ ತಿರುಗಿಸಿಲ್ಲ" ಅಂತ ಒಳಗಿಂದ ಉತ್ತರ ಬಂತು.

ಮೂರನೇ ಮಹಡಿಯವರು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ ಅವರ ಪಂಥ. ದೊಡ್ಡವರು ಅಪ್ಪಣೆ ಕೊಡಬೇಕು, ಮಗು ಕುಣಿದು ಕುಪ್ಪಳಿಸಿ ಪಾಲಿಸಬೇಕು. ಅಪ್ಪ ರಾತ್ರಿ ಯೂಟ್ಯೂಬಿನಲ್ಲಿ ಕಲಿತು ಬೆಳಗ್ಗೆ ಜರ್ಮನ್‌ನಲ್ಲಿ ಏಳು, ಕೂರು, ಜಿಗಿ ಅಂತ ಅಬ್ಬರಿಸುತ್ತಾರೆ. ಕೆಳಗಿನ ಮನೆಯವರು ಕನ್ನಡದಲ್ಲೇ ಏನೋ ಅಂತಾರೆ. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅಮೆರಿಕದಿಂದ ಪಠ್ಯದ ಡಬ್ಬಿ ತರಿಸಿಕೊಂಡವರ ಮನೆಯಲ್ಲಿ ಲ್ಯಾಟಿನ್. ಮಗು "ಮೆನ್ಸಾ, ಮೆನ್ಸಾ, ಮೆನ್ಸಾಮ್" ಅಂತ ಉರು ಹೊಡೆಯುತ್ತದೆ. ಅಜ್ಜ "ರಾಮಃ ರಾಮೌ ರಾಮಾಃ" ಶುರು ಮಾಡಿದರೆ ಮಾತ್ರ, ಉರು ಹೊಡೆಸುವುದು ಹಳೇ ಪದ್ಧತಿ ಅಂತ ಸೊಸೆ ತಡೆಯುತ್ತಾಳೆ.

ನನಗೆ ಜಾಸ್ತಿ ಇಷ್ಟವಾದದ್ದು ಅಮೆರಿಕದ ಭಾಷಾತಜ್ಞ ಸ್ಟೀಫನ್ ಕ್ರಾಶೆನ್ ಅವರ ಭಕ್ತರು. ಭಾಷೆ ಕಿವಿಗೆ ಬೀಳುತ್ತಿರಲಿ, ಮಾತಾಡು ಅಂತ ಒತ್ತಾಯ ಬೇಡ, ಮೊದಲು ಒಂದು ಮೌನದ ಅವಧಿ ಇರುತ್ತದೆ ಅಂದರು ಕ್ರಾಶೆನ್. ಬಡಪಾಯಿ ಪ್ರೊಫೆಸರ್ ಒಳ್ಳೇ ಮನಸ್ಸಿನಿಂದಲೇ ಹೇಳಿದ್ದು. ನಮ್ಮವರ ಮಗು ಐಪ್ಯಾಡಿನಲ್ಲಿ ಫ್ರೆಂಚ್ ಕಾರ್ಟೂನ್ ನೋಡುತ್ತಾ ವರ್ಷಗಟ್ಟಲೆ ಮೌನದ ಅವಧಿಯಲ್ಲಿದೆ. ನೆಂಟರು ಬಂದರೆ "ಇವನು ಫ್ರೆಂಚ್‌ನಲ್ಲಿ ಸುಮ್ನಿರ್ತಾನೆ" ಅಂತ ಹೆಮ್ಮೆಯಿಂದ ತೋರಿಸುತ್ತಾರೆ. ಅಜ್ಜಿಗೂ ಮೌನದ ಅವಧಿ ವಿಧಿಸಲಾಗಿದೆ. ಮಗುವಿನ ಎದುರು ಕನ್ನಡ ಆಡಿದರೆ ತಲೆಯಲ್ಲಿ ಭಾಷೆ ಕಲಸುಮೇಲೋಗರ ಆಗುತ್ತದಂತೆ.

ಇದೇ ಹುಡುಗ ಹೋದ ವಾರ ಗೇಟಿನ ಹತ್ತಿರ ಸೆಕ್ಯುರಿಟಿಯವನಿಗೆ "ದಾಯ್, ಬಲ್ ದಿನುಸ್ ನ" ಅಂದ. ಅಣ್ಣ, ಬಾಲ್ ಕೊಡಿ ಅಂತ, ಅಚ್ಚ ನೇಪಾಳಿಯಲ್ಲಿ. ಆಮೇಲೆ ಇಬ್ಬರೂ ಕ್ರಿಕೆಟ್ ಬಗ್ಗೆ ಹತ್ತು ನಿಮಿಷ ಹರಟಿದರು.

ರಾತ್ರಿ ಗ್ರೂಪಿನಲ್ಲಿ ಅಮ್ಮನ ಮೆಸೇಜ್ ಬಂತು: "ಅರ್ಜೆಂಟ್. ಮಗ ನೇಪಾಳಿ ಮಾತಾಡ್ತಿದ್ದಾನೆ. ನಿಲ್ಲಿಸೋಕೆ ಯಾವ ಮೆಥಡ್ ಒಳ್ಳೇದು?" ಐದು ನಿಮಿಷದಲ್ಲಿ ಉಳಿದ ಮೂರೂ ಪಂಥದವರು ಮೊದಲ ಬಾರಿಗೆ ಒಮ್ಮತಕ್ಕೆ ಬಂದರು: ಆಟಕ್ಕೆ ಕೆಳಗೆ ಬಿಡಬೇಡಿ.