ಈಶಾನ್ಯ ಸರಿಯಿದೆ, ಇಸಿ ಎಲ್ಲಿದೆ?

ಬೆಂಗಳೂರಿನವರು ಏನನ್ನೂ ಪರೀಕ್ಷಿಸದೆ ಮನೆ ಕಟ್ಟುತ್ತಾರೆ ಅನ್ನುವುದು ಶುದ್ಧ ಸುಳ್ಳು. ಸಂಪು ಈಶಾನ್ಯಕ್ಕೆ ಬಂತಾ, ಒಲೆ ಆಗ್ನೇಯಕ್ಕೆ ಬಂತಾ, ಬೋರ್‌ವೆಲ್ ಪಾಯಿಂಟಿನಲ್ಲಿ ತೆಂಗಿನಕಾಯಿ ಎದ್ದು ನಿಂತಿತಾ, ಎಲ್ಲಾ ನೋಡುತ್ತಾರೆ. ಗುದ್ದಲಿ ಪೂಜೆಗೆ ಆಷಾಢ ಬೇಡ, ರಾಹುಕಾಲ ಬೇಡವೇ ಬೇಡ. ಸೈಟು ಯಾರದು, ಅದರ ಮೇಲೆ ಸಾಲ-ಗೀಲ ಇದೆಯಾ ಅಂತ ತೋರಿಸುವ ಇಸಿ (ಋಣಭಾರ ಪತ್ರ) ಎಲ್ಲಿದೆ ಅಂತ ಮಾತ್ರ ಕೇಳಬಾರದು. ಬ್ರೋಕರ್ "ಪೇಪರ್ಸ್ ಎಲ್ಲಾ ಕ್ಲಿಯರ್ ಇದೆ ಸಾರ್" ಅಂದಮೇಲೆ ಕೇಳಿದರೆ ಅವನಿಗೆ ಬೇಜಾರಾಗಲ್ವಾ?

ಅವನ ಬ್ಯಾಗಿನಲ್ಲಿ ಮೂಲಪತ್ರ, ಪಹಣಿ, ಭೂಪರಿವರ್ತನೆ ಆದೇಶ ಎಲ್ಲಾ ಇರುತ್ತವೆ. ಎಲ್ಲವೂ ಜೆರಾಕ್ಸಿನ ಜೆರಾಕ್ಸು. ತಹಶೀಲ್ದಾರರ ಸೀಲು ಕರಿ ಮಚ್ಚೆಯಾಗಿರುತ್ತದೆ. ಸರ್ವೆ ನಂಬರಿನ ಕೊನೆಯ ಅಂಕಿ 3 ಇರಬಹುದು, 8 ಇರಬಹುದು. 8 ಆದರೆ ಅದು ಮಳೆನೀರು ಹರಿಯುವ ರಾಜಕಾಲುವೆ.

ಇನ್ನು ಸೆಟ್‌ಬ್ಯಾಕ್, ಅಂದರೆ ಮನೆ ಸುತ್ತ ಖಾಲಿ ಬಿಡಬೇಕಾದ ಜಾಗ. ನಕ್ಷೆಯಲ್ಲಿ ಮನೆಯ ಸುತ್ತ ಗಾಳಿಯೋ ಗಾಳಿ. ಕಟ್ಟಿದ ಮೇಲೆ ನೋಡಿ, ಪಕ್ಕದ ಮನೆಯವರು ಸಾರಿಗೆ ಇಂಗು ಹಾಕಿದರೋ ಇಲ್ಲವೋ ನಮ್ಮ ಬೆಡ್‌ರೂಮಿನಲ್ಲೇ ಗೊತ್ತಾಗುತ್ತದೆ. ಪಾರ್ಕಿಂಗ್ ಅಂತ ಬರೆದ ಕಡೆ ಬೇಕರಿ ಇರುತ್ತದೆ. ಎರಡು ಮಹಡಿಗೆ ಅನುಮತಿ ಇದ್ದ ಕಡೆ ಐದು ಮಹಡಿಯ ಪಿಜಿ, ಅದರ ಮೇಲೆ ತಗಡಿನ ಶೀಟು.

ಸರ್ಕಾರವೂ ಸುಮ್ನೆ ಕೂತಿಲ್ಲ. 2007ರಲ್ಲೇ ಅಕ್ರಮ-ಸಕ್ರಮ ತಂದಿತು. ಮನೆ ಶೇ 50ರವರೆಗೆ ನಿಯಮ ಮೀರಿದ್ದರೂ ದುಡ್ಡು ಕಟ್ಟಿ, ಮರೆತುಬಿಡೋಣ ಅಂದಿತು. 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2024ರ ಡಿಸೆಂಬರಿನಲ್ಲಿ ಅದೇ ಕೋರ್ಟು, ಒಸಿ (ಕಟ್ಟಿದ ಮನೆ ನಿಯಮದಂತಿದೆ, ವಾಸ ಮಾಡಬಹುದು ಅನ್ನುವ ಪತ್ರ) ಇಲ್ಲದಿದ್ದರೆ ಕರೆಂಟೂ ಇಲ್ಲ ಅಂದಿತು. ಮೀಟರಿಗಾಗಿ ಜನ ಪರದಾಡಿದರು. 2025ರಲ್ಲಿ 1,200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ಒಸಿಯಿಂದಲೇ ವಿನಾಯಿತಿ ಬಂತು. ಅದರ ಬೆನ್ನಿಗೇ ಮಾರ್ಗಸೂಚಿ ದರದ ಶೇ 5 ಕಟ್ಟಿ, ಅಕ್ರಮ ಸೈಟಿನ ಬಿ ಖಾತಾವನ್ನು ಸಕ್ರಮದ ಎ ಖಾತಾ ಮಾಡಿಸಿಕೊಳ್ಳಿ ಅಂದರು.

ಅಲ್ಲ ಸ್ವಾಮಿ, ಸೈಟು ಅಕ್ರಮ ಅಂತಿದ್ದರೆ ಅವತ್ತು ರಿಜಿಸ್ಟರ್ ಮಾಡಿಕೊಟ್ಟಿದ್ದು ಯಾರು? ಮುದ್ರಾಂಕ ಶುಲ್ಕ ಎಣಿಸಿಕೊಂಡಿದ್ದು ಯಾರು? ವರ್ಷ ವರ್ಷ ಕಂದಾಯಕ್ಕೆ ರಸೀದಿ ಹರಿದುಕೊಟ್ಟಿದ್ದು ಯಾರು? ಲೇಔಟ್ ಮಾಡಿದವನು ಇಷ್ಟೊತ್ತಿಗೆ ಮುಂದಿನ ಊರಿನ ರಾಗಿ ಹೊಲಕ್ಕೆ ಕಲ್ಲು ನೆಟ್ಟಿರುತ್ತಾನೆ. ದುಡ್ಡು ಕಟ್ಟಬೇಕಾದವನು ಚಿನ್ನ ಅಡವಿಟ್ಟು ಸೈಟು ಕೊಂಡವನು. ನಕ್ಷೆಗೆ ಸಹಿ ಹಾಕಿ ಆಮೇಲೆ ಆ ಕಡೆ ತಲೆ ಹಾಕದ ಎಂಜಿನಿಯರನ್ನು ಯಾರೂ ಒಂದು ಮಾತು ಕೇಳುವುದಿಲ್ಲ.

ಎಲ್ಲಾ ಪತ್ರ ನೋಡಿ, ನಕ್ಷೆಯ ಪ್ರಕಾರವೇ ಕಟ್ಟಿದವರೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಅಂಥವರ ಗೃಹಪ್ರವೇಶದಲ್ಲಿ ಮಾವನವರು ಹೋಳಿಗೆ ಮುಗಿಸಿ, ಮನೆ ಸುತ್ತ ಒಂದು ರೌಂಡ್ ಹಾಕಿ ಹೇಳುತ್ತಾರೆ: "ಇಷ್ಟೊಂದು ಜಾಗ ದಂಡ ಮಾಡಿದ್ದೀರಲ್ಲ ಅಳಿಯಂದ್ರೆ, ಇನ್ನೊಂದು ರೂಮು ಬರ್ತಿತ್ತು!"