ಸತ್ಯಾಂಶ: ಕರಗಿದ ಮೇಣಕ್ಕೆ ಪರ್ಫ್ಯೂಮ್ ಸುರಿಯಬಹುದಾ?

"ಉಳಿದ ಪರ್ಫ್ಯೂಮ್ ಎಸೆಯಬೇಡಿ, ಕರಗಿದ ಮೇಣಕ್ಕೆ ಸುರಿಯಿರಿ. ಘಮಘಮಿಸುವ ವ್ಯಾಕ್ಸ್ ಮೆಲ್ಟ್ ರೆಡಿ!" ಹೀಗೊಂದು ಮೆಸೇಜ್ ಓಡಾಡುತ್ತಿದೆ. (ವ್ಯಾಕ್ಸ್ ಮೆಲ್ಟ್ ಅಂದರೆ ಬಿಸಿ ಮಾಡಿದಾಗ ಘಮ ಬೀರುವ, ಬತ್ತಿಯಿಲ್ಲದ ಮೇಣದ ತುಂಡು.) ಕೇಳೋಕೆ ಚೆನ್ನಾಗಿದೆ, ಆದರೆ ಹಾಗೆ ಮಾಡಬೇಡಿ.

ಸ್ಪ್ರೇ ಪರ್ಫ್ಯೂಮಿನಲ್ಲಿ ಜಾಸ್ತಿ ಇರುವುದೇ ಆಲ್ಕೋಹಾಲ್. ಅದು ಸುಮಾರು 78 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಕರಗಿದ ಮೇಣವೂ ಹೆಚ್ಚುಕಡಿಮೆ ಅಷ್ಟೇ ಬಿಸಿ ಇರುತ್ತದೆ. ಸುರಿದ ಕೂಡಲೇ ಬುಸುಬುಸು ಗುಳ್ಳೆ ಎದ್ದು ಆಲ್ಕೋಹಾಲ್ ಆವಿಯಾಗುತ್ತದೆ, ಪರಿಮಳವೂ ಬಹುಪಾಲು ಅದರ ಜೊತೆಗೇ ಹೋಗುತ್ತದೆ. ಪಕ್ಕದಲ್ಲಿ ಒಲೆ ಉರಿಯುತ್ತಿದ್ದರಂತೂ ಆ ಆವಿಗೆ ಬೆಂಕಿ ಹತ್ತಬಹುದು. ದುಡ್ಡು ಉಳಿಸಲು ಹೋಗಿ ಇದೆಲ್ಲ ಯಾಕೆ?

ಇದಕ್ಕೆ ಬೇಕಾಗಿರುವುದು ಮೇಣದಬತ್ತಿಗೆಂದೇ ಮಾರುವ ಸುಗಂಧದ ಎಣ್ಣೆ. ಅದನ್ನೂ ಸುಮ್ನೆ ಅಂದಾಜಿಗೆ ಸುರಿಯದೆ ತೂಗಿ ಹಾಕಿ. 100 ಗ್ರಾಂ ಮೇಣಕ್ಕೆ ಸಾಮಾನ್ಯವಾಗಿ 6ರಿಂದ 10 ಗ್ರಾಂ ಸಾಕು. ಜಾಸ್ತಿ ಹಾಕಿದರೆ ಘಮವೂ ಜಾಸ್ತಿ, ಅಲ್ವಾ? ಇಲ್ಲ. ಮೇಣ ಹಿಡಿದಿಟ್ಟುಕೊಳ್ಳಲಾಗದ ಎಣ್ಣೆ ಗಟ್ಟಿಯಾದ ತುಂಡಿನ ಮೇಲೆ ಬೆವರಿನಂತೆ ಒಸರುತ್ತದೆ, ಮುಟ್ಟಿದರೆ ಕೈಯೆಲ್ಲ ಜಿಡ್ಡು.

ಮೇಣವನ್ನು ನೇರ ಉರಿಯ ಮೇಲೆ ಕರಗಿಸಬೇಡಿ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಒಲೆ ಆರಿಸಿದ ಮೇಲೆ ಎಣ್ಣೆ ಹಾಕಿ, ಒಂದೆರಡು ನಿಮಿಷ ನಿಧಾನವಾಗಿ ಕಲಕಿ ಅಚ್ಚಿಗೆ ಹೊಯ್ಯಿರಿ.