ಹೊಸ್ತಿಲ ಮೇಲೆ ಕೈಯಿಟ್ಟು ಬಿದ್ದವಳು

ಬೈಬಲಿನ ನ್ಯಾಯಸ್ಥಾಪಕರು ಪುಸ್ತಕದ 19ನೇ ಅಧ್ಯಾಯದಲ್ಲಿ ಒಬ್ಬ ಲೇವಿಯನು (ದೇವರ ಸೇವೆಗೆ ಮೀಸಲಾದ ಕುಲದವನು) ತವರಿಗೆ ಹೋದ ಉಪಪತ್ನಿಯನ್ನು ಕರೆತರುವಾಗ ಬೆನ್ಯಾಮೀನ್ ಕುಲದವರ ಗಿಬೆಯ ಎಂಬ ಊರಲ್ಲಿ ರಾತ್ರಿ ತಂಗುತ್ತಾನೆ. ಊರ ಗಂಡಸರ ಗುಂಪು ಮನೆಯನ್ನು ಸುತ್ತುವರಿದಾಗ ಅವಳನ್ನು ಹೊರಗೆ ಒಪ್ಪಿಸಲಾಗುತ್ತದೆ, ರಾತ್ರಿಯಿಡೀ ಅವಳ ಮೇಲೆ ಅತ್ಯಾಚಾರ ನಡೆಯುತ್ತದೆ. ಇದನ್ನು ಓದಿದವರಲ್ಲಿ ಎಷ್ಟೋ ಮಂದಿ ಮೊದಲು ಕೇಳುವುದು, "ಆ ಉಪಪತ್ನಿ ತವರಿಗೆ ಯಾಕೆ ಹೋದಳು?" ಎಂದು. ಇಲ್ಲಿಂದ ಶುರುಮಾಡಿದರೆ ಗಿಬೆಯದ ರಾತ್ರಿಗೂ ಅವಳನ್ನೇ ಹೊಣೆ ಮಾಡುವ ಕಡೆಗೆ ಓದು ವಾಲುತ್ತದೆ.

ಇದಕ್ಕೆ ಕಾರಣ ಎರಡನೇ ವಚನದ ಒಂದು ಕ್ರಿಯಾಪದ. ಹೀಬ್ರೂ ಮೂಲದಲ್ಲಿರುವುದು 'ಜಾನಾ', ಅಂದರೆ ವ್ಯಭಿಚಾರ ಮಾಡು. ಪ್ರಾಚೀನ ಗ್ರೀಕ್ ಅನುವಾದದ ಒಂದು ಪಾಠದಲ್ಲಿ ಮಾತ್ರ ಅವಳು ಅವನ ಮೇಲೆ ಸಿಟ್ಟಾದಳು ಎಂದಿದೆ. ನನಗೆ ಇದೇ ಸರಿ ಅನಿಸುತ್ತದೆ. ವ್ಯಭಿಚಾರಕ್ಕೆ ಯಾಜಕಕಾಂಡ 20:10 ಹೇಳುವುದು ಮರಣದಂಡನೆ. ಇಲ್ಲಿ ಲೇವಿಯನು 4 ತಿಂಗಳಾದ ಮೇಲೆ, ಆಳು ಮತ್ತು ಎರಡು ಕತ್ತೆಗಳ ಸಮೇತ, ಅವಳ ಮನವೊಲಿಸಲು ಬೇತ್ಲೆಹೇಮಿಗೆ ಹೋಗುತ್ತಾನೆ. ಯೆಹೂದ್ಯರ ಧರ್ಮಚರ್ಚೆಗಳ ಗ್ರಂಥವಾದ ತಾಲ್ಮುದಿನ ಗಿಟ್ಟೀನ್ ಭಾಗದಲ್ಲಿ ರಬ್ಬಿಗಳು, ಅಂದರೆ ಯೆಹೂದಿ ಧರ್ಮಪಂಡಿತರು, ಅವನ ಕಣ್ಣಿಗೆ ಬಿದ್ದು ಸಿಟ್ಟು ಬರಿಸಿದ್ದು ನೊಣವೋ ಕೂದಲೋ ಎಂದು ಚರ್ಚಿಸುತ್ತಾರೆ. ಅದೇ ಚರ್ಚೆಯಲ್ಲಿ ರಾವ್ ಹಿಸ್ದಾ ಎಂಬ ಪಂಡಿತ, ಗಂಡಸು ಮನೆಯವರ ಮೇಲೆ ಅತಿಯಾದ ಭಯ ಹೇರಬಾರದು ಎನ್ನುತ್ತಾನೆ. ಅಷ್ಟು ಹಿಂದೆಯೇ ಬೆರಳು ಅವನತ್ತ ತಿರುಗಿತ್ತು!

ಇನ್ನು ಕ್ರಿಯಾಪದಗಳನ್ನೇ ಹಿಡಿದು ಓದಿ. 25ನೇ ವಚನದಲ್ಲಿ ಅವಳನ್ನು 'ಹಿಡಿದು' ಹೊರಗಿನ ಗುಂಪಿಗೆ ಒಪ್ಪಿಸುತ್ತಾನೆ. ಹಿಡಿದವನು ಲೇವಿಯನೇ ಎಂದು ಹೆಚ್ಚಿನವರ ಅಭಿಪ್ರಾಯ. 29ರಲ್ಲಿ ಕತ್ತಿ ತೆಗೆದುಕೊಂಡು ಅವಳನ್ನು ಮತ್ತೆ 'ಹಿಡಿದು' 12 ತುಂಡು ಮಾಡುತ್ತಾನೆ. ಹೀಬ್ರೂವಿನಲ್ಲಿ ಎರಡೂ ಕಡೆ ಒಂದೇ ಪದ. ಮೂರನೇ ವಚನದಲ್ಲಿ 'ಗಂಡ'ನಾಗಿದ್ದವನು 26ರ ಹೊತ್ತಿಗೆ 'ಒಡೆಯ'. ಕನ್ನಡದಲ್ಲಿ ಇದಕ್ಕೆ 'ಯಜಮಾನ' ಎಂದು ಬರೆದರೆ, ನಾವು ಗಂಡನನ್ನೂ ಯಜಮಾನರು ಅನ್ನುವುದರಿಂದ, ವ್ಯತ್ಯಾಸವೇ ಕಾಣದೆ ಹೋಗುತ್ತದೆ.

ಬೆಳಗ್ಗೆ ಅವಳ ಕೈಗಳು ಹೊಸ್ತಿಲ ಮೇಲಿವೆ. ಅವನು "ಏಳು, ಹೋಗೋಣ" ಅನ್ನುತ್ತಾನೆ. ಉತ್ತರವಿಲ್ಲ. ಅವಳು ಸತ್ತಿದ್ದಳು ಎಂದು ಗ್ರೀಕ್ ಅನುವಾದ ಸೇರಿಸುತ್ತದೆ. ಹೀಬ್ರೂ ಪಾಠ ಅಲ್ಲಿ ಹಾಗೆ ಹೇಳುವುದಿಲ್ಲ. ಕತ್ತಿ ಬೀಳುವಾಗ ಉಸಿರಿತ್ತೇ? ಈ ಪ್ರಶ್ನೆಯನ್ನು ಮುಚ್ಚಿಬಿಡುವ ಯಾವ ವ್ಯಾಖ್ಯಾನವನ್ನೂ ನಾನು ಒಪ್ಪಲಾರೆ.

ಆಮೇಲೆ 19:25ರ ಪಕ್ಕದಲ್ಲಿ 20:5 ಇಟ್ಟು ನೋಡಿ. ಇಸ್ರಾಯೇಲ್ಯರ ಸಭೆಯ ಮುಂದೆ ಲೇವಿಯನು, "ನನ್ನನ್ನು ಕೊಲ್ಲಬೇಕೆಂದಿದ್ದರು, ನನ್ನ ಉಪಪತ್ನಿಯ ಮಾನಭಂಗ ಮಾಡಿದರು, ಅವಳು ಸತ್ತಳು" ಎನ್ನುತ್ತಾನೆ. ತಾನು ಹೊರಗೆ ದೂಡಿದ ಮಾತೇ ಇಲ್ಲ. ಅಲ್ಲಿ ನೆರೆದಿದ್ದ ಕಾಲಾಳುಗಳು 4 ಲಕ್ಷ. ಅವಳು ಬಾಗಿಲಿನಾಚೆ ಹೇಗೆ ಬಂದಳು ಎಂದು ಒಬ್ಬನೂ ಕೇಳಲಿಲ್ಲ. ನೇರವಾಗಿ ಬೆನ್ಯಾಮೀನ್ ಕುಲದ ಮೇಲೆ ಯುದ್ಧ. ಕಡೆಗೆ ಉಳಿದ 600 ಬೆನ್ಯಾಮೀನ್ಯರಿಗೆ ಹೆಂಡಿರು ಬೇಕೆಂದು ಯಾಬೇಷ್ ಗಿಲ್ಯಾದ್ ಎಂಬ ಊರಿನವರನ್ನು ಕೊಚ್ಚಿ 400 ಕನ್ಯೆಯರನ್ನು ತಂದರು. ಅದೂ ಸಾಲದಾದಾಗ, ಶೀಲೋವಿನ ಹಬ್ಬದಲ್ಲಿ ಕುಣಿಯಲು ಬಂದ ಹುಡುಗಿಯರನ್ನು ದ್ರಾಕ್ಷಿತೋಟದಲ್ಲಿ ಹೊಂಚುಹಾಕಿ ಎತ್ತಿಕೊಂಡು ಹೋದರು.